ವರದರಾಜನ ಬಗ್ಗೆ ವಿಚಾರಿಸಿದವರು

ಚನ್ನರಾಯಪಟ್ಟಣದ ಚನ್ನಪ್ಪನವರು ಆ ದಿನ ಬೆಳಗ್ಗೆ ಸೈಬರ್ ಸೆಂಟರಿಗೆ ಹೋಗದೆ ನೆಟ್ಟಗೆ ಅಂಗಡಿಗೆ ಹೋಗಿದ್ದರೆ, ಹೊಳೆನರಸೀಪುರದ ವರದರಾಜ ತನ್ನ ಪಾಡಿಗೆ ತಾನು ಜಾತಕಗಳನ್ನು ಟೈಪು ಮಾಡಿಕೊಂಡು ಸುಖವಾಗಿರುತ್ತಿದ್ದ. ಆದರೆ ಚನ್ನಪ್ಪನವರ ಮಗನಿಗೆ ಒಂದು ಹೆಣ್ಣು ಗೊತ್ತಾಗುವುದರಲ್ಲಿತ್ತು. ಹೆಣ್ಣಿನ ಫೋಟೋ, ವಿವರ ಎಲ್ಲವೂ ಹೊಳೆನರಸೀಪುರದ ಹೇಮಾವತಿ ವಧೂವರರ ಮಾಹಿತಿ ಕೇಂದ್ರದ ವೆಬ್‌ಸೈಟಿನಲ್ಲಿದೆ, ನೋಡಿ ಎಂದು ಹೆಣ್ಣಿನ ಕಡೆಯವರು ಹೇಳಿದ್ದರು. ಚನ್ನಪ್ಪನವರು ಕನ್ನಡಕ ಒರೆಸಿಕೊಂಡು ಕೂತರು. ಹೆಣ್ಣಿನ ಮುಖ ಬರಬೇಕಾದ ಜಾಗದಲ್ಲಿ ಕೆಂಪು ಗುರುತೊಂದು ಬಂತು, ಅದರ ಪಕ್ಕದಲ್ಲಿ ನಾಲ್ಕಾರು ಸಾಲು ಇಂಗ್ಲಿಷು.

ಸೆಂಟರಿನವನು ಅದನ್ನು ಓದಿ ಅರ್ಥ ಹೇಳಿದ. ಇವರ ಸರ್ಟಿಫಿಕೇಟಿನಲ್ಲಿ ಏನೋ ತೊಂದರೆಯಿದೆಯಂತೆ, ಇವರು ಹೇಳಿಕೊಳ್ಳುವುದು ನಿಜವೋ ಸುಳ್ಳೋ ಗೊತ್ತಿಲ್ಲವಂತೆ, ಮುಂದುವರಿಯದೆ ಇಲ್ಲಿಗೇ ಮುಚ್ಚುವುದು ಒಳ್ಳೆಯದಂತೆ. ಹಲ್ಲಿ ಲೊಚಗುಟ್ಟಿದರೆ ಮೆಟ್ಟಿಲಿಳಿಯದ ಮನುಷ್ಯ ಚನ್ನಪ್ಪನವರು. ತಕ್ಷಣ ಹೆಣ್ಣಿನ ತಂದೆ ಕಾಂತರಾಜುವಿಗೆ ಫೋನ್ ಮಾಡಿ, ಬೇಡವೆಂದು ಕಂಪ್ಯೂಟರೇ ಹೇಳುತ್ತಿರುವಾಗ ಮಾತು ಮುಂದುವರಿಸುವುದು ಹೇಗೆ ಎಂದು ಕೇಳಿದರು.

ಈ ಕಾಂತರಾಜು ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಜೊತೆಗೆ ಅದೇ ಮಾಹಿತಿ ಕೇಂದ್ರದ ಅಧ್ಯಕ್ಷರು. ಪೇಟೆ ಬೀದಿಯ ಮಹಡಿಯ ಮೇಲಿದ್ದ ಕೇಂದ್ರದ ಮೆಟ್ಟಿಲನ್ನು ಅವರು ಹತ್ತಿಬಂದ ಶಬ್ದಕ್ಕೇ ವರದರಾಜ ಎದ್ದು ನಿಂತ.

ವರದರಾಜ ಕೇಂದ್ರದ ಮ್ಯಾನೇಜರು. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಫೋಟೋ ಸ್ಕ್ಯಾನ್ ಮಾಡುವುದು, ತಾಯಂದಿರ ಕಣ್ಣೀರಿಗೆ ಸಮಾಧಾನ ಹೇಳುವುದು ಎಲ್ಲವೂ ಮ್ಯಾನೇಜರ ಕೆಲಸವೇ. ವಯಸ್ಸು ನಲವತ್ತು ದಾಟಿತ್ತು. ಅಷ್ಟೊಂದು ಜನರ ಮದುವೆಗೆ ದಾರಿಯಾದವನಿಗೆ ತನ್ನದೊಂದು ಆಗಿರಲಿಲ್ಲ. ಊಟ ಬಡಿಸಿ ಬಡಿಸಿ ಕೊನೆಯ ಪಂಕ್ತಿಗೆ ಕೂರುವ ಹೊತ್ತಿಗೆ ಹುಳಿ ಮುಗಿದುಹೋದಂತಾಗಿತ್ತು ಅವನ ಬದುಕು. ಆ ವಿಷಯವಾಗಿ ಊರಿನವರಿಗಿದ್ದಷ್ಟು ಚಿಂತೆ ಅವನಿಗಿರಲಿಲ್ಲ.

“ಏನಯ್ಯಾ ವರದರಾಜ, ನನ್ನ ಮಗಳ ಫೋಟೋ ಇರೋ ಕಡೆ ಮುಂದಕ್ಕೆ ಹೋಗಬ್ಯಾಡಿ ಅಂತ ಬರೆದಿದ್ರೆ ಯಾವ ಬೀಗರಯ್ಯಾ ಮುಂದಕ್ಕೆ ಬತ್ತಾರೆ?” ಎಂದರು ಕಾಂತರಾಜು.

ವರದರಾಜ ಅವರನ್ನು ಕೂರಿಸಿ ವಿವರಿಸಿದ. ಹೆಣ್ಣುಮಕ್ಕಳ ಫೋಟೋ, ಮನೆ ವಿಳಾಸ ಎಲ್ಲ ತಂತಿಯ ಮೇಲೆ ಹೋಗುವಾಗ ನಡುವೆ ಯಾರೂ ಇಣುಕಬಾರದು. ಅದಕ್ಕೇ ವೆಬ್‌ಸೈಟು ಒಂದು ಬೀಗ ಹಾಕುತ್ತದೆ. ಆ ಬೀಗ ನಮ್ಮದೇ ಎಂದು ಹೇಳಲು ಹೊರಗಿನ ದೊಡ್ಡ ಕಂಪನಿಯೊಂದು ಸರ್ಟಿಫಿಕೇಟು ಕೊಡಬೇಕು, ಅದಕ್ಕೆ ಎಸ್ಎಸ್ಎಲ್ ಎನ್ನುತ್ತಾರೆ. ಸೈಟು ಮಾಡಿಕೊಟ್ಟ ಹಾಸನದವರು ಖರ್ಚು ಉಳಿಸಲು ತಾವೇ ಒಂದು ಸರ್ಟಿಫಿಕೇಟು ಬರೆದು ಹಾಕಿದ್ದರು. ನಾನು ಸತ್ಯವಂತ ಎಂದು ನಾನೇ ಬರೆದುಕೊಂಡ ಹಾಗೆ. ಹಳೆಯ ಕಂಪ್ಯೂಟರುಗಳು ಹೇಗೋ ಸುಮ್ಮನಿದ್ದವು, ಈಗಿನವು ಒಪ್ಪುತ್ತಿಲ್ಲ.

ಬಿ.ಕಾಂ. ಓದಿದ ನಿನಗೆ ಈಗ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಯಾಕೆ ಬೇಕಾಯಿತು ಎಂದು ಕಾಂತರಾಜು ಕೇಳಿದರು. ವರದರಾಜ ಮೊದಲಿನಿಂದ ಹೇಳಿದ. ಅರ್ಜಿ ಹಾಕಿಯಾಗಿದೆ, ಕೇಂದ್ರದ ನೋಂದಣಿ ಪತ್ರವನ್ನೂ ಕಳಿಸಿಯಾಗಿದೆ, ಉಳಿದಿರುವುದು ಒಂದೇ ಒಂದು ಫೋನು. ಕಂಪನಿಯ ಬೆಂಗಳೂರು ಕಚೇರಿಯವರು ಇವತ್ತು ಫೋನ್ ಮಾಡಿ, ವರದರಾಜ ಎನ್ನುವವನು ಇಲ್ಲಿ ಕೆಲಸದಲ್ಲಿರುವುದು ನಿಜವೇ ಎಂದು ಕೇಳುತ್ತಾರೆ. ಯಾರಾದರೂ ಹೌದು ಎಂದರೆ ಮುಗಿಯಿತು.

ಸಂಜೆ ಚನ್ನಪ್ಪನವರು ಇನ್ನೊಂದು ಸಲ ನೋಡಲು ಒಪ್ಪಿದ್ದಾರೆ, ಆಗಲೂ ಕೆಂಪು ಕಂಡರೆ ನನ್ನ ಮಗಳು ರಂಜಿತಾಳ ಸಂಬಂಧ ಹೋಯಿತು, ನೀನು ಬಾಗಿಲು ಹಾಕಿ ಕೀಲಿಕೈ ತಂದು ಗೊಬ್ಬರದ ಅಂಗಡಿಯಲ್ಲಿ ಕೊಟ್ಟು ಮನೆಗೆ ಹೋಗಬಹುದು ಎಂದು ಹೇಳಿ ಕಾಂತರಾಜು ಇಳಿದುಹೋದರು.

ಫೋನಿನಲ್ಲೇ ಇದ್ದದ್ದು ತೊಡಕು. ಅರ್ಜಿಯಲ್ಲಿ ಕೊಟ್ಟ ನಂಬರಿಗೆ ಆ ಕಂಪನಿಯವರು ಮಾಡುವುದಿಲ್ಲ. ಟೆಲಿಫೋನ್ ಡೈರೆಕ್ಟರಿಯಲ್ಲಿ ಕೇಂದ್ರದ ಹೆಸರಿನ ಮುಂದೆ ಯಾವ ನಂಬರಿದೆಯೋ ಅದಕ್ಕೇ ಮಾಡುತ್ತಾರೆ. ಡೈರೆಕ್ಟರಿಯಲ್ಲಿದ್ದದ್ದು ಹಳೆಯ ನಂಬರು. ಕೇಂದ್ರ ಮೊದಲು ಗಂಗಾಂಬಿಕೆಯವರ ಹಿಟ್ಟಿನ ಮಿಲ್ಲಿನ ಹಿಂದಿನ ಕೋಣೆಯಲ್ಲಿತ್ತು. ಮಹಡಿಗೆ ಬಂದಾಗ ಫೋನು ಅಲ್ಲೇ ಉಳಿಯಿತು. ಆಗಿನಿಂದ ಅದು ರಾಗಿ ಮೆಣಸಿನಕಾಯಿಗಳ ನಡುವೆ ಬೆಳ್ಳಗೆ ಹಿಟ್ಟು ಮೆತ್ತಿಕೊಂಡು ಕೂತಿತ್ತು.

ವರದರಾಜ ಹಿಂದಿನ ದಿನವೇ ಮಿಲ್ಲಿಗೆ ಹೋಗಿ ಗಂಗಾಂಬಿಕೆಯವರಿಗೆ ಹೇಳಿ ಬಂದಿದ್ದ. ಮಿಲ್ಲು ಆಗ ಭೋರೆಂದು ಓಡುತ್ತಿತ್ತು. ಸರ್ಟಿಫಿಕೇಟು, ವೆಬ್‌ಸೈಟು ಎಂದೆಲ್ಲ ಆ ಸದ್ದಿನಲ್ಲಿ ಕೂಗುವುದು ಸಾಧ್ಯವಾಗದೆ, “ಅಕ್ಕಾ, ಬೆಂಗಳೂರಿಂದ ನನ್ನ ವಿಚಾರ ಕೇಳ್ಕೊಂಡು ಫೋನ್ ಬರುತ್ತೆ, ಎರಡು ಮಾತು ಹೇಳಿಬಿಡಿ,” ಎಂದಷ್ಟೇ ಕೂಗಿ ಬಂದಿದ್ದ. ಅವರು ಯಾಕೆ ಅಷ್ಟಗಲ ನಕ್ಕರು ಎಂದು ಅವನಿಗೆ ಆಗ ಹೊಳೆಯಲಿಲ್ಲ.

ಈಗ ಮತ್ತೆ ಹೋಗಿ ಬಿಡಿಸಿ ಹೇಳೋಣವೆಂದು ಚಪ್ಪಲಿ ಮೆಟ್ಟುತ್ತಿರುವಾಗ ಗಂಗಾಂಬಿಕೆಯವರೇ ಮೆಟ್ಟಿಲು ಹತ್ತಿ ಬಂದರು. ಹಿಂದೆ ಮಿಲ್ಲಿನ ಪಕ್ಕದ ಅಂಗಡಿಯ ಟೈಲರ್ ಚಂದ್ರಯ್ಯ. ಅಕ್ಕನ ಕೈಯಲ್ಲಿ ಕಾಗದದ ಪೊಟ್ಟಣ, ಅದರೊಳಗೆ ಕೊಬ್ಬರಿ ಬೆಲ್ಲ.

“ಬಾಯಿ ತೆಗಿಯಪ್ಪ ಮೊದಲು. ಫೋನು ಬಂತು ಕಣಪ್ಪ. ಹುಡುಗೀನೇ ಮಾತಾಡಿದ್ಲು. ಅಪ್ಪ ಅಮ್ಮನ್ನ ಬಿಟ್ಟು ಅವಳೇ ಫೋನ್ ಮಾಡವ್ಳೆ ನೋಡು, ಎಂಥ ಧೈರ್ಯ. ದನಿ ಮಾತ್ರ ಸಕ್ಕರೆ,” ಎಂದರು.

ವರದರಾಜನ ಬಾಯಿಯಲ್ಲಿ ಬೆಲ್ಲ ಹಾಗೇ ನಿಂತಿತು. ಏನೇನು ಹೇಳಿದಿರಿ ಎಂದು ಕೇಳಿದ. ಇಬ್ಬರೂ ಸರದಿಯ ಮೇಲೆ ವರದಿ ಒಪ್ಪಿಸಿದರು. ವರದರಾಜ ಅಲ್ಲಿ ಕೆಲಸ ಮಾಡುತ್ತಾರಾ ಎಂದು ಆ ಹುಡುಗಿ ಕೇಳಿದಳಂತೆ. ಮಹಡಿ ಮೇಲಿನ ಕೇಂದ್ರದಲ್ಲಿ ಸಂಬಳಕ್ಕಿದ್ದಾನೆ ಎಂದರೆ ಯಾವ ಹುಡುಗಿ ಒಪ್ಪುತ್ತಾಳೆ? ಅದಕ್ಕೆ ಗಂಗಾಂಬಿಕೆಯವರು ಅವನಿಗೆ ಹಾಸನದಲ್ಲಿ ಸರ್ಕಾರಿ ಕೆಲಸ ಕೊಡಿಸಿದರು. ದೇವಸ್ಥಾನದ ಬೀದಿಯಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿದರು. ಹಿಟ್ಟು ಮಾಡಿಸಲು ಬಂದಿದ್ದ ಪುಟ್ಟತಾಯಮ್ಮ ಪಕ್ಕದಿಂದ ಸನ್ನೆ ಮಾಡಿ ಹಳ್ಳಿಮೈಸೂರಿನಲ್ಲಿ ಒಂದು ತೆಂಗಿನ ತೋಟ ಸೇರಿಸಿದರು. ವಯಸ್ಸನ್ನು ಎಲ್ಲರೂ ಸೇರಿ ಮೂವತ್ತೆರಡಕ್ಕೆ ಇಳಿಸಿದರು. ಕೊನೆಗೆ ಚಂದ್ರಯ್ಯ ರಿಸೀವರು ಇಸಿದುಕೊಂಡು ಒಂದೇ ಮಾತಿನಲ್ಲಿ ಕೆಲಸ ಮುಗಿಸಿದ್ದ.

“ಆ ಸೆಂಟರಲ್ಲಿ ಅವ್ರು ಕೆಲಸಕ್ಕಿಲ್ಲ ಕಣಮ್ಮಾ, ಸುಮ್ನೆ ಜನಸೇವೆಗೆ ಅಂತ ಬತ್ತಾರೆ, ಒಂದು ಬಿಡಿಗಾಸು ಮುಟ್ಟಲ್ಲ ಅಂದೆ ಸಾ. ಹುಡುಗಿ ದಂಗುಬಡಿದೋದ್ಲು.”

ವರದರಾಜನಿಗೆ ಮೊದಲು ಬಂದದ್ದು ಸಿಟ್ಟಲ್ಲ. ಅವನ ಕಣ್ಣು ಒದ್ದೆಯಾಯಿತು. ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಯಾರೂ ಯಾವತ್ತೂ ಆಡಿರಲಿಲ್ಲ. ತನಗಾಗಿ ಮೂರು ಜನ ಕೆಲಸ ಬಿಟ್ಟು ನಿಂತು, ಬೆವರು ಸುರಿಸಿ ಸುಳ್ಳು ಹೇಳಿದ್ದರು. ಅವನು ಇಬ್ಬರಿಗೂ ಕೈಮುಗಿದ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಇಮೇಲು ತೆಗೆದ. ಅಂದುಕೊಂಡಂತೆಯೇ ಬಂದಿತ್ತು. ಈ ಹೆಸರಿನವರು ನಿಮ್ಮ ಸಂಸ್ಥೆಯಲ್ಲಿ ಕೆಲಸದಲ್ಲಿಲ್ಲವೆಂದು ಸಂಸ್ಥೆಯವರೇ ತಿಳಿಸಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗುವುದು.

ಅವನು ಕಂಪನಿಗೆ ಫೋನ್ ಮಾಡಿ ಅದೇ ಹುಡುಗಿಯನ್ನು ಹಿಡಿದು ಬೇಡಿಕೊಂಡ. ಅವಳು ಒಳ್ಳೆಯವಳು. ನಿಮ್ಮವರು ನಿಮ್ಮನ್ನು ತುಂಬ ಹೊಗಳಿದರು ಸರ್, ಆದರೆ ಹೊಗಳಿಕೆಗೆ ಸರ್ಟಿಫಿಕೇಟು ಕೊಡಲು ಬರುವುದಿಲ್ಲ ಎಂದಳು. ಅವನ ದನಿ ಕೇಳಿ ಮನಸ್ಸು ಕರಗಿತೋ ಏನೋ, ಮಧ್ಯಾಹ್ನ ಊಟದ ನಂತರ ನಮ್ಮಲ್ಲಿ ಯಾರಾದರೂ ಇನ್ನೊಂದು ಸಲ ಅದೇ ನಂಬರಿಗೆ ಮಾಡುತ್ತೇವೆ, ನೀವು ಮಾತ್ರ ಫೋನ್ ಎತ್ತಬಾರದು, ಆಗಲೂ ಹೀಗೇ ಆದರೆ ನಮ್ಮ ಕೈಲಿಲ್ಲ ಎಂದಳು. ವರದರಾಜ ಆ ಕಾಣದ ಹುಡುಗಿಗೆ ನಾಲ್ಕು ಸಲ ಥ್ಯಾಂಕ್ಸ್ ಹೇಳಿದ.

ಊಟಕ್ಕೂ ಹೋಗದೆ ಅವನು ಮಿಲ್ಲಿನಲ್ಲಿ ಕೂತ. ಇದು ಹೆಣ್ಣಿನ ಕಡೆಯ ಫೋನಲ್ಲ, ಸರ್ಟಿಫಿಕೇಟಿನ ಫೋನು ಎಂದು ಮೂವರಿಗೂ ತಿಳಿಹೇಳಿದ. ಗಂಗಾಂಬಿಕೆಯವರು ತಾವು ಮಾಡಿದ ಅನಾಹುತ ತಿಳಿದು ಕೆನ್ನೆ ಕೆನ್ನೆ ಬಡಿದುಕೊಂಡರು. ಫೋನಿನಲ್ಲಿ ಸರಿಯಾಗಿ ಕೇಳಿಸಲೆಂದು ಮಿಲ್ಲನ್ನೇ ನಿಲ್ಲಿಸಿದರು. ರಾಗಿ, ಗೋಧಿ, ಖಾರದ ಪುಡಿಯ ಡಬ್ಬ ಹಿಡಿದುಕೊಂಡು ಬಂದವರೆಲ್ಲ ಗೊಣಗಿದರು. ರಂಜಿತಾಳ ಮದುವೆ ನಿಂತುಹೋಗುತ್ತದೆಯಂತೆ ಎಂದು ಪುಟ್ಟತಾಯಮ್ಮ ಹೇಳಿದ ಮೇಲೆ ಡಬ್ಬಗಳನ್ನು ಕೆಳಗಿಟ್ಟು ಮದುವೆಮನೆಗೆ ಬಂದವರಂತೆ ಕೂತರು. ಬಾಯಿ ತಡೆಯುವುದು ಕಷ್ಟವೆಂದು ಚಂದ್ರಯ್ಯ ತಾನಾಗಿಯೇ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡ.

“ಅಕ್ಕಾ, ಕೇಳಿದ್ದಕ್ಕಷ್ಟೇ ಉತ್ತರ. ಇದ್ದದ್ದು ಇದ್ದ ಹಾಗೆ. ನನ್ನ ಗುಣಗಾನ ಖಂಡಿತ ಬೇಡ,” ಎಂದು ವರದರಾಜ ಕೊನೆಯ ಬಾರಿ ಹೇಳಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಈ ಸಲ ಗಂಡಸಿನ ದನಿ, ವಯಸ್ಸಾದವರದು. ದೊಡ್ಡ ಅಧಿಕಾರಿಯೇ ಮಾಡಿದ್ದಾರೆ ಎಂದುಕೊಂಡ ವರದರಾಜ. ಅವರು ಜೋರಾಗಿ ಮಾತಾಡುತ್ತಿದ್ದುದರಿಂದ ಪಕ್ಕದಲ್ಲಿದ್ದ ಅವನಿಗೂ ಕೇಳಿಸುತ್ತಿತ್ತು. ಹೇಮಾವತಿ ಕೇಂದ್ರವೇ, ವರದರಾಜ ಎನ್ನುವವರು ಅಲ್ಲಿದ್ದಾರೆಯೇ ಎಂದು ಕೇಳಿದರು.

“ಅವ್ರೆ. ಇಲ್ಲೇ ಕೆಲಸಕ್ಕವ್ರೆ, ಮ್ಯಾನೇಜರು,” ಎಂದರು ಗಂಗಾಂಬಿಕೆ. ವರದರಾಜನಿಗೆ ಅರ್ಧ ಜೀವ ಬಂತು.

ಸರ್ಕಾರಿ ಕೆಲಸವೇ ಎಂದು ಆ ಕಡೆಯಿಂದ ಪ್ರಶ್ನೆ ಬಂತು. ಬೆಳಗಿನ ಸುಳ್ಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದಾರೆ ಎಂದು ವರದರಾಜನಿಗೆ ಅರ್ಥವಾಯಿತು. ಅವನು ಅಡ್ಡಡ್ಡ ತಲೆಯಾಡಿಸಿದ.

“ಅಲ್ಲ ಸಾ. ಕಾಂತರಾಜಣ್ಣನ ಕೈಕೆಳಗೆ. ಸಂಬಳಾನೂ ಅಷ್ಟಕ್ಕಷ್ಟೇ.”

ಮನೆ ಸ್ವಂತದ್ದೋ ಎಂದರು. ಬಾಡಿಗೆಯದು, ಮಳೆ ಬಂದರೆ ಸೋರುತ್ತದೆ ಎಂದು ಉತ್ತರ ಹೋಯಿತು. ಜಮೀನು? ಒಂದು ತೆಂಗಿನ ಗಿಡವೂ ಇಲ್ಲ. ವಯಸ್ಸು ಕೇಳಿದಾಗ ಗಂಗಾಂಬಿಕೆಯವರು ಅನುಮಾನಿಸುತ್ತ ಅವನ ಮುಖ ನೋಡಿದರು. ವರದರಾಜ ನಾಲ್ಕು ಬೆರಳು ತೋರಿಸಿ ಸೊನ್ನೆ ಸುತ್ತಿದ. ಆಮೇಲೆ ಸತ್ಯಕ್ಕೆ ಅಪಚಾರವಾಗಬಾರದೆಂದು ಇನ್ನೂ ಒಂದು ಬೆರಳು ಎತ್ತಿದ. ನಲವತ್ತೊಂದು ಎಂದರು ಅವರು. ಆರೋಗ್ಯ ಹೇಗೆ ಎಂದು ಕೇಳಿದ್ದಕ್ಕೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ತಾವಾಗಿಯೇ ನೆನಪು ಮಾಡಿಕೊಂಡು ಹೇಳಿದರು. ಒಂದು ವೆಬ್‌ಸೈಟಿನ ಬೀಗಕ್ಕಾಗಿ ಇಷ್ಟು ಆಳಕ್ಕೆ ಹೋಗುವ ಕಂಪನಿಯ ಮೇಲೆ ವರದರಾಜನಿಗೆ ಗೌರವ ಮೂಡಿತು. ದುಡ್ಡು ತೆಗೆದುಕೊಂಡಿದ್ದಕ್ಕೂ ಸಾರ್ಥಕವೆನಿಸಿತು.

ಕೊನೆಯದಾಗಿ ಆ ಹಿರಿಯರು ದನಿ ತಗ್ಗಿಸಿ, ಮನುಷ್ಯ ಗುಣದಲ್ಲಿ ಹೇಗೆ ಎಂದು ಕೇಳಿದರು. ಗಂಗಾಂಬಿಕೆಯವರು ಬಾಯಿ ತೆರೆದರು, ವರದರಾಜನ ಮುಖ ನೋಡಿದರು, ಬಾಯಿ ಮುಚ್ಚಿದರು, ಮತ್ತೆ ತೆರೆದರು.

“ಗುಣದ ವಿಚಾರ ಯೋಳಬ್ಯಾಡಿ ಅಂದವ್ರೆ ಸಾ.”

ಆ ಹಿರಿಯರು, ತುಂಬಾ ಉಪಕಾರವಾಯಿತು ತಾಯಿ ಎಂದು ಹೇಳಿ ಫೋನಿಟ್ಟರು.

ಮಿಲ್ಲಿನಲ್ಲಿ ಹಬ್ಬವಾಯಿತು. ವರದರಾಜ ಒಬ್ಬೊಬ್ಬರ ಹತ್ತಿರವೂ ಹೋಗಿ ಕೈಮುಗಿದ. ನನಗಾಗಿ ರಾಗಿ ಬೀಸಿಸದೆ ಕೂತಿರಲ್ಲ ಎಂದು ಮತ್ತೆ ಮತ್ತೆ ಹೇಳಿದ. ಪುಟ್ಟತಾಯಮ್ಮ ಅವನ ತಲೆ ನೇವರಿಸಿ, ಅದಕ್ಕೇನು ಮಹಾ, ಸಾಯಂಕಾಲ ಮುದ್ದೆ ಸ್ವಲ್ಪ ತಡವಾಗುತ್ತದೆ ಅಷ್ಟೇ ಎಂದರು. ಗಂಗಾಂಬಿಕೆಯವರು ಮಿಲ್ಲಿನ ಸ್ವಿಚ್ಚಿಗೆ ಕೈ ಹಾಕುವುದರೊಳಗೆ ಫೋನು ಮತ್ತೆ ಬಂತು.

ಬೆಳಗಿನ ಹುಡುಗಿ. ಮೀಟಿಂಗ್ ಇದ್ದುದರಿಂದ ತಡವಾಯಿತು, ಕ್ಷಮಿಸಿ, ವರದರಾಜ ಅವರು ನಿಮ್ಮ ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾರೆಯೇ, ಏನು ಹುದ್ದೆ ಎಂದು ಕೇಳಿದಳು. ಗಂಗಾಂಬಿಕೆಯವರು ಈಗ ಪಳಗಿದ್ದರು. ಕೆಲಸದಲ್ಲಿದ್ದಾರೆ, ಮ್ಯಾನೇಜರು ಎಂದು ಹೇಳಿ ಬಾಯಿ ಬಿಗಿಹಿಡಿದರು. ಅಷ್ಟು ಸಾಕು ಮೇಡಂ ಎಂದು ಅವಳು ಫೋನಿಟ್ಟಳು.

ಹಾಗಾದರೆ ಮೊದಲು ಮಾಡಿದವರು ಯಾರು ಎಂಬ ಪ್ರಶ್ನೆ ವರದರಾಜನ ತಲೆಯೊಳಗೆ ಸುಳಿಯಿತು. ಚಂದ್ರಯ್ಯ ತುಟಿಯ ಗುಂಡುಸೂಜಿ ತೆಗೆದು, ದೊಡ್ಡ ಕಂಪನಿಯವರು ಒಂದಕ್ಕೆರಡು ಸಲ ಕೇಳಿರುತ್ತಾರೆ ಎಂದ. ವರದರಾಜನಿಗೆ ಅದು ಸರಿಯೆನಿಸಿತು. ಸಂತೋಷದಲ್ಲಿದ್ದ ಮನುಷ್ಯನಿಗೆ ಎಲ್ಲವೂ ಸರಿಯೆನಿಸುತ್ತದೆ.

ಹೊತ್ತು ಇಳಿಯುವುದರೊಳಗೆ ಸರ್ಟಿಫಿಕೇಟು ಇಮೇಲಿನಲ್ಲಿ ಬಂತು. ಹಾಸನದವರು ಅಲ್ಲಿಂದಲೇ ಅದನ್ನು ಸೈಟಿಗೆ ಹಾಕಿದರು. ವರದರಾಜ ವಿಳಾಸ ಒತ್ತಿದ. ಕೆಂಪಿಲ್ಲ. ಮೇಲೊಂದು ಪುಟ್ಟ ಬೀಗದ ಗುರುತು, ಕೆಳಗೆ ರಂಜಿತಾಳ ನಗುಮುಖ. ಸ್ವಲ್ಪ ಹೊತ್ತಿಗೆ ಕಾಂತರಾಜು ತಾವೇ ಕಾಫಿ ಹಿಡಿಸಿಕೊಂಡು ಮಹಡಿ ಹತ್ತಿ ಬಂದರು. ಚನ್ನಪ್ಪನವರು ನೋಡಿದರಂತೆ, ಬೀಗ ಕಂಡು ಬಹಳ ಸಮಾಧಾನವಾಯಿತಂತೆ, ಮುಂದಿನ ವಾರ ಹೆಣ್ಣು ನೋಡಲು ಬರುತ್ತಾರಂತೆ. ಬೆಳಗ್ಗೆ ಆಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಅವರು ವರದರಾಜನ ಹೆಗಲು ತಟ್ಟಿ ಹೋದರು.

ಅವರು ಇಳಿಯುತ್ತಿದ್ದ ಹಾಗೇ ಒಬ್ಬ ಹಿರಿಯರು ಕೊಡೆ ಊರಿಕೊಂಡು ಮೇಲೆ ಬಂದರು. ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ತೆಳ್ಳಗೆ ನಾಮ. ಅರಕಲಗೂಡಿನವರು, ಅಳಸಿಂಗಾಚಾರ್ ಎಂದು ಹೆಸರು, ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಮ್ಯಾನೇಜರು ವರದರಾಜ ನೀವೇ ತಾನೆ ಎಂದು ಕೇಳಿದರು. ಆ ದನಿಯನ್ನು ಎಲ್ಲೋ ಕೇಳಿದ್ದೇನಲ್ಲ ಎಂದುಕೊಂಡು ವರದರಾಜ ಕುರ್ಚಿ ಎಳೆದ.

ಅವರು ನೀರು ಕುಡಿದು ನಿಧಾನವಾಗಿ ಹೇಳಿದರು. ವರದರಾಜನ ತಾಯಿ ವೇದವತಮ್ಮ ಅವನಿಗೆ ತಿಳಿಸದೆ, ವಯಸ್ಸು ಮೂವತ್ತನಾಲ್ಕು ಎಂದು ಬರೆಸಿ ಜಾತಕ ಕಳಿಸಿದ್ದರಂತೆ. ಮಗಳು ಹಂಸಳ ಜಾತಕಕ್ಕೆ ಅದು ಚೆನ್ನಾಗಿಯೇ ಕೂಡಿತಂತೆ. ಅದಕ್ಕೇ ವಿಚಾರಿಸಿಕೊಂಡು ಹೋಗೋಣವೆಂದು ಇವತ್ತು ಬಸ್ಸು ಹತ್ತಿ ಬಂದಿದ್ದರು.

“ನಿಮ್ಮ ತಾಯಿಯವರು ಒಂದು ನಂಬರ್ ಕೊಟ್ಟಿದ್ರು. ಹುಡುಗನ ಕಡೆಯವರು ಕೊಟ್ಟ ನಂಬರಿಗೆ ಮಾಡಿದ್ರೆ ಹೊಗಳಿಕೆ ಬಿಟ್ಟು ಬೇರೇನು ಸಿಗುತ್ತೆ ಹೇಳಿ. ಅದಕ್ಕೆ ಬಸ್ ಸ್ಟ್ಯಾಂಡಿನ ಬೂತಲ್ಲಿ ಡೈರೆಕ್ಟರಿ ತೆಗೆದು ನೋಡಿ, ಅದರಲ್ಲಿದ್ದ ನಂಬರಿಗೆ ಮಾಡಿದೆ.”

ವರದರಾಜ ತಾನೂ ಒಂದು ಕುರ್ಚಿ ಹುಡುಕಿಕೊಂಡು ಕೂತ. ಸೋರುವ ಮನೆ, ಅಷ್ಟಕ್ಕಷ್ಟೇ ಸಂಬಳ, ಏದುಸಿರು, ತಾನೇ ಎತ್ತಿ ತೋರಿಸಿದ ಆ ಒಂದು ಬೆರಳು ಎಲ್ಲವೂ ಸಾಲಾಗಿ ಕಣ್ಣ ಮುಂದೆ ಬಂದವು.

“ಬೇಜಾರು ಮಾಡ್ಕೋಬೇಡಿ,” ಎಂದರು ಅಳಸಿಂಗಾಚಾರ್ಯರು, ನಿಜವಾದ ಅನುಕಂಪದಿಂದ. “ನಮ್ಮ ಹುಡುಗಿಗೆ ನೀವು ಆಗೋದಿಲ್ಲ. ಆದರೆ ಇಷ್ಟು ವರ್ಷದಿಂದ ಹುಡುಗರ ವಿಚಾರ ಕೇಳ್ಕೊಂಡು ಓಡಾಡ್ತಿದೀನಿ, ಎಲ್ಲೂ ಒಂದು ನಿಜ ಸಿಗಲಿಲ್ಲ. ತಮ್ಮ ಮ್ಯಾನೇಜರ ವಿಷಯದಲ್ಲೇ ಸುಳ್ಳು ಹೇಳದ ಸಂಸ್ಥೆ ಅಂದರೆ ಇದೊಂದೇ. ನನ್ನ ಮಗಳ ಹೆಸರು ಇಲ್ಲೇ ನೋಂದಾಯಿಸಬೇಕು ಅಂತ ನೇರವಾಗಿ ಬಂದೆ.”

ಅವರು ಚೀಲದಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಹಂಸ ಚೆನ್ನಾಗಿದ್ದಳು. ವರದರಾಜ ಫೋಟೋವನ್ನು ಸ್ಕ್ಯಾನರಿನಲ್ಲಿಟ್ಟು, ಬೇಕಾದಷ್ಟೇ ಹೊತ್ತು ನೋಡಿ, ಮುಚ್ಚಳ ಮುಚ್ಚಿದ. ಹುಡುಗನಿಂದ ಏನೇನು ನಿರೀಕ್ಷೆ ಎಂದು ಕೇಳಿದ. ಅವರು ಹೇಳಿದಂತೆ ಟೈಪು ಮಾಡಿದ. ಸ್ವಂತ ಮನೆ. ಖಾಯಂ ಕೆಲಸ. ಮೂವತ್ತೈದರ ಒಳಗೆ. ಎಲ್ಲ ಮುಗಿದ ಮೇಲೆ ಹಿರಿಯರು ಪರದೆಯ ಹತ್ತಿರ ಬಗ್ಗಿ, ನನ್ನ ಮಗಳ ವಿವರವನ್ನು ಕಂಡಕಂಡವರು ನೋಡುವುದಿಲ್ಲ ತಾನೆ ಎಂದು ಕೇಳಿದರು. ಇಲ್ಲ, ಇವತ್ತಿನಿಂದ ಭದ್ರವಾಗಿದೆ ಎಂದು ವರದರಾಜ ಬೀಗದ ಗುರುತನ್ನು ತೋರಿಸಿದ.

ಸೈಟು ತಾನಾಗಿಯೇ ಹೊಂದುವ ವರರನ್ನು ಹುಡುಕಿ ಒಬ್ಬನನ್ನು ಎದುರಿಗೆ ತಂದು ನಿಲ್ಲಿಸಿತು. ಹಾಸನದ ವಸಿಷ್ಠ, ಬ್ಯಾಂಕಿನಲ್ಲಿ ಕೆಲಸ. ಅಳಸಿಂಗಾಚಾರ್ಯರ ಮುಖ ಅರಳಿತು. ಆಮೇಲೆ ಸ್ವಲ್ಪ ಯೋಚಿಸಿ, ವರದರಾಜನ ಕೈ ಹಿಡಿದುಕೊಂಡರು.

“ಇವನ ವಿಚಾರ ಕೇಳೋಕೆ ನಾನು ಹೋದರೆ ಮತ್ತೆ ಹೊಗಳಿಕೇನೇ. ನೀವೇ ಒಂದು ಸಲ ಹಾಸನಕ್ಕೆ ಹೋಗಿ ವಿಚಾರಿಸಿಕೊಂಡು ಬನ್ನಿ. ನೀವು ಏನು ಹೇಳ್ತೀರೋ ಅದನ್ನೇ ನಂಬ್ತೀನಿ.”

ಇಷ್ಟು ದೊಡ್ಡ ಮಾತನ್ನು ವರದರಾಜನಿಗೆ ಯಾರೂ ಹೇಳಿರಲಿಲ್ಲ. ಬೆಳಗ್ಗೆ ಸುಳ್ಳಿನಿಂದ ಸಿಕ್ಕಿದ್ದ ಮರ್ಯಾದೆಗಿಂತ ಇದು ತೂಕವಾಗಿತ್ತು. ಅವನು ಆಗಲಿ ಎಂದ. ಕೈ ಬಿಡಿಸಿಕೊಳ್ಳದೆಯೇ ಹಿರಿಯರನ್ನು ಬಸ್ ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋಗಿ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಬಸ್ಸು ಹೊರಡುವವರೆಗೆ ನಿಂತಿದ್ದ.

ಭಾನುವಾರ ಅವನು ಹಾಸನಕ್ಕೆ ಹೋದ. ವಸಿಷ್ಠನ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮನೆ ಮನೆ ವಿಚಾರಿಸಿದ. ಎಷ್ಟು ಕೆದಕಿ ಕೇಳಿದರೂ ಆ ಹುಡುಗನಲ್ಲಿ ಒಂದು ಕುಂದೂ ಸಿಗಲಿಲ್ಲ. ಸಂಜೆ ಅರಕಲಗೂಡಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೇ ಹೇಳಿದ.